ಶ್ರೀರಂಗಪಟ್ಟಣದ ಜಾಕೋಬಿನ್ ಕ್ಲಬ್ಬಿನ ಕಡತ

ಟಿಪ್ಪು ಸುಲ್ತಾನನ ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳು 1797ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದಲ್ಲಿ ಕಟ್ಟಿಕೊಂಡರೆನ್ನಲಾದ ರಾಜಕೀಯ ಸಂಘವೊಂದರ ನಡಾವಳಿಗೆ ‘ಜಾಕೋಬಿನ್ ಕ್ಲಬ್ಬಿನ ಕಡತ’ ಎಂಬ ಹೆಸರಿದೆ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಅರಮನೆಯಲ್ಲಿ ಕೈಗೆ ಸಿಕ್ಕ ಕಾಗದಪತ್ರಗಳಲ್ಲಿ ಇದೂ ಇತ್ತೆಂದು ಈಸ್ಟ್ ಇಂಡಿಯಾ ಕಂಪನಿ ಹೇಳಿತು. ಟಿಪ್ಪು ಫ್ರೆಂಚರೊಡನೆ ನಡೆಸಿದ ವ್ಯವಹಾರಗಳ ಅಧಿಕೃತ ದಾಖಲೆಗಳನ್ನು 1799ರಲ್ಲಿ ಕಲ್ಕತ್ತೆಯಲ್ಲಿಯೂ ಮರುವರ್ಷ ಲಂಡನ್ನಿನಲ್ಲಿಯೂ ಅಚ್ಚು ಹಾಕಿಸಲಾಯಿತು. ಈಗ ಅಪರೂಪವಾಗಿರುವ ಆ ಸಂಪುಟಗಳಿಂದಲೇ ‘ಪ್ರಜೆ ಟಿಪ್ಪು’ ಎಂಬ ಮಾತು, ಪಟ್ಟಣದಲ್ಲಿ ನೆಟ್ಟ ಸ್ವಾತಂತ್ರ್ಯ ವೃಕ್ಷದ ಕಥೆ, ತ್ರಿವರ್ಣ ಧ್ವಜಕ್ಕೆ ಹಾರಿಸಿದ ತೋಪುಗಳ ವರ್ಣನೆ ಇವೆಲ್ಲ ಚರಿತ್ರೆಯ ಪುಸ್ತಕಗಳಿಗೆ ಇಳಿದುಬಂದವು. ಸಂಘ ನಿಜವಾಗಿಯೂ ಇತ್ತೆ, ಅಥವಾ ಗೆದ್ದವರು ಅದನ್ನು ಕಾಗದದ ಮೇಲೆ ಹುಟ್ಟಿಸಿದರೆ ಎಂಬುದು ಇನ್ನೂ ತೀರ್ಮಾನವಾಗದ ವಿವಾದ. ಇತ್ತು ಅಥವಾ ಇರಲಿಲ್ಲ ಎಂಬ ಎರಡೇ ಉತ್ತರಗಳಲ್ಲಿ ಒಂದನ್ನು ಆರಿಸಲು ಹೊರಟರೆ ಇದು ಬಗೆಹರಿಯುವುದಿಲ್ಲ. ಕಡತ ಹೇಳುವ ಸಂಗತಿಗಳಿಗೆಲ್ಲ ಒಂದೇ ತೂಕವಿಲ್ಲ. ಕೆಲವಕ್ಕೆ ಹೊರಗಿನ ಸಾಕ್ಷ್ಯವಿದೆ, ಕೆಲವು ನಂಬಬಹುದಾದವು, ಕೆಲವಕ್ಕೆ ಕಡತದಲ್ಲೇ ಆಧಾರವಿಲ್ಲ. ಪ್ರಕಟಿಸಿದವರ ಜಾಣತನವಿರುವುದು ಈ ಮೂರನ್ನೂ ಒಂದೇ ರಟ್ಟಿನೊಳಗೆ ಕಟ್ಟಿ ಒಂದೇ ಸಂಗತಿಯಂತೆ ಕಾಣಿಸಿದ್ದರಲ್ಲಿ.

ಹಿನ್ನೆಲೆಯಾಗಿ ಶ್ರೀರಂಗಪಟ್ಟಣದ ಸುತ್ತಿನ ನೆಲದ ಅನುಭವವನ್ನು ಗಮನಿಸಬೇಕು. ಪಟ್ಟಣಕ್ಕೆ ಹತ್ತಿರದ ಇಂದಿನ ಪಾಂಡವಪುರವನ್ನು ಇಂಗ್ಲಿಷರ ಬರಹಗಳು ಬಹುಕಾಲ ‘ಫ್ರೆಂಚ್ ರಾಕ್ಸ್’ ಎಂದೇ ಕರೆದವು. ಊರವರಿಗೆ ಅದು ಹಿರೋಡೆ. ಹೈದರ್ ಅಲಿ ಮತ್ತು ಅವನ ಮಗ ಟಿಪ್ಪುವಿನ ಕೈಕೆಳಗಿದ್ದ ಫ್ರೆಂಚ್ ಪಡೆಗಳು ಅಲ್ಲಿನ ಬಂಡೆಗುಡ್ಡಗಳ ಬುಡದಲ್ಲಿ ಬೀಡುಬಿಡುತ್ತಿದ್ದುದರಿಂದ ಆ ಹೆಸರು. ಹತ್ತಿರದ ಚಿನಕುರಳಿಯಲ್ಲಿ 1771ರಲ್ಲಿ ಹೈದರನ ಸೈನ್ಯ ಮರಾಠರಿಂದ ಭಾರಿ ಸೋಲುಂಡಿತ್ತು. 1791ರ ಮೇ ತಿಂಗಳಲ್ಲಿ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲವರೆಗೆ ಬಂದೂ ಮಳೆ, ದನಗಳ ಸಾವು, ದವಸದ ಕೊರತೆಗಳಿಂದ ಕಂಗೆಟ್ಟು ಕನ್ನಂಬಾಡಿಯಲ್ಲಿ ತನ್ನ ಮುತ್ತಿಗೆಯ ಫಿರಂಗಿಗಳನ್ನು ತಾನೇ ಹಾಳುಗೆಡವಿ ಹಿಂದಿರುಗಿದ. ಮೇಲುಕೋಟೆಯ ಸುತ್ತಿನಲ್ಲಿ ಮಿತ್ರರಾದ ಮರಾಠರ ಸೈನ್ಯ ಅವನನ್ನು ಬಂದು ಸೇರಿತು. ನಾಗಮಂಗಲ ಆ ಯುದ್ಧದಲ್ಲಿ ಮರಾಠಾ ಸೇನಾನಿ ಪರಶುರಾಮ ಭಾವೂನ ದಂಡಿನ ಕೈಗೆ ಸಿಕ್ಕು ಹಾಳಾಯಿತು. ಆಗ ಅತ್ತಿಕುಪ್ಪೆ ಎನ್ನಿಸಿಕೊಳ್ಳುತ್ತಿದ್ದ ಇಂದಿನ ಕೃಷ್ಣರಾಜಪೇಟೆಯ ಸೀಮೆಯೂ ದಂಡುಗಳು ಬಂದುಹೋಗುವ ಹಾದಿಯಲ್ಲಿತ್ತು. 1792ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸ್ ಮತ್ತೆ ಬಂದು ಫ್ರೆಂಚ್ ರಾಕ್ಸ್‌ನಲ್ಲೇ ಬೀಡುಬಿಟ್ಟು ರಾತ್ರೋರಾತ್ರಿ ದಾಳಿಯಿಟ್ಟ. ಫಲವಾಗಿ ಟಿಪ್ಪು ಅರ್ಧ ರಾಜ್ಯ ಕಳೆದುಕೊಂಡ, 3 ಕೋಟಿ 30 ಲಕ್ಷ ರೂಪಾಯಿ ದಂಡ ಒಪ್ಪಿಕೊಂಡ, ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕೊಟ್ಟ. ಇಂಥ ದೊರೆಗೆ ಯುರೋಪಿನ ಸೈನ್ಯವೊಂದು ತನ್ನ ಪರವಾಗಿ ಸಮುದ್ರ ದಾಟಿ ಬರುತ್ತದೆಂಬ ಸುದ್ದಿ ಎಷ್ಟು ಬೇಕಾಗಿತ್ತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. 1788ರಲ್ಲಿ ಅವನ ಮೂವರು ರಾಯಭಾರಿಗಳು ಹದಿನಾರನೆಯ ಲೂಯಿಯ ಆಸ್ಥಾನಕ್ಕೆ ಹೋಗಿ ಮರ್ಯಾದೆ ಪಡೆದು, ಕೇಳಿದ ಸೈನ್ಯ ಮಾತ್ರ ಸಿಗದೆ ಮರಳಿದ್ದರು.

ಇಂಥ ಸಮಯದಲ್ಲಿ, 1797ರ ಆರಂಭಕ್ಕೆ, ಪಾಯಿಮರ ಮುರಿದ ಹಡಗೊಂದು ಮಂಗಳೂರಿಗೆ ಬಂದು ಸೇರಿತು. ಅದರ ನಾಯಕ ಫ್ರಾನ್ಸ್ವಾ ರಿಪೋ. ಶತ್ರುಗಳ ವ್ಯಾಪಾರಿ ಹಡಗುಗಳನ್ನು ಹಿಡಿದು ಬದುಕುತ್ತಿದ್ದ ಫ್ರೆಂಚ್ ಖಾಸಗಿ ನಾವಿಕ. ತಾನು ಮಾರಿಷಸ್ ದ್ವೀಪದ ಸರ್ಕಾರದ ದೊಡ್ಡ ಅಧಿಕಾರಿ, ಟಿಪ್ಪುವಿನ ಸಹಾಯಕ್ಕಾಗಿ ಅಲ್ಲಿ ಹತ್ತು ಸಾವಿರ ಸೈನಿಕರು ಸಿದ್ಧರಾಗಿ ನಿಂತಿದ್ದಾರೆ, ಕರೆ ಹೋಗುವುದೊಂದೇ ಬಾಕಿ ಎಂದು ಆತ ಹೇಳಿಕೊಂಡ. ಈ ಮಾತಿಗೆ ಅವನ ಬಾಯಿ ಬಿಟ್ಟರೆ ಬೇರೆ ಸಾಕ್ಷಿ ಇರಲಿಲ್ಲ. ಆದರೂ ಅವನನ್ನು ಶ್ರೀರಂಗಪಟ್ಟಣಕ್ಕೆ ಕರೆಸಲಾಯಿತು. ಟಿಪ್ಪು ಮಂತ್ರಿಗಳ ಅಭಿಪ್ರಾಯ ಕೇಳಿದಾಗ, ಈತ ಎಲ್ಲಿಂದ ಬಂದವನೋ, ಆಡುವುದೆಲ್ಲ ಸುಳ್ಳೆಂದು ಅವರು ಎಚ್ಚರಿಸಿದರು. ಟಿಪ್ಪು ಒಪ್ಪಲಿಲ್ಲ, ಅವನ ಹಡಗನ್ನು ಕೊಂಡು, ವ್ಯಾಪಾರಿಗಳ ವೇಷದಲ್ಲಿ ದೂತರನ್ನು ಗುಟ್ಟಾಗಿ ಅದರಲ್ಲಿ ಕಳುಹಿಸಿದ. ದಾರಿಯಲ್ಲಿ ರಿಪೋ ದೂತರ ಮೇಲೆ ಜೋರುಮಾಡಿ, ಅವರ ಬಳಿಯಿದ್ದ ಪತ್ರಗಳಲ್ಲಿ ತನ್ನ ಮೇಲೆ ದೂರೇನಾದರೂ ಇದೆಯೇ ಎಂದು ತಪಾಸಣೆಗೆ ಇಳಿದನೆಂದು ದೂತರೇ ವರದಿ ಮಾಡಿದ್ದಾರೆ. 1798ರ ಜನವರಿಯಲ್ಲಿ ಪೋರ್ಟ್ ಲೂಯಿ ಸೇರಿದಾಗ ಅಲ್ಲಿ ಹತ್ತು ಸಾವಿರ ಸೈನಿಕರಾಗಲಿ, ಅಂಥದೊಂದು ಯೋಜನೆಯಾಗಲಿ ಇರಲಿಲ್ಲ. ಗುಲಾಮಗಿರಿ ರದ್ದತಿಯ ಆಜ್ಞೆ ತಂದ ಪ್ಯಾರಿಸ್ಸಿನ ಪ್ರತಿನಿಧಿಗಳನ್ನು 1796ರಲ್ಲಿ ಹಡಗು ಹತ್ತಿಸಿ ಓಡಿಸಿದ್ದ ಆ ದ್ವೀಪ ತನ್ನ ಗಣರಾಜ್ಯದೊಂದಿಗೇ ಜಗಳವಾಡಿಕೊಂಡಿತ್ತು. ಗವರ್ನರ್ ಮಲಾರ್ತಿಕ್ ತನ್ನಲ್ಲಿಲ್ಲದ ಸೈನ್ಯದ ಬದಲಿಗೆ ಜನವರಿ 30ರಂದು ಬಹಿರಂಗ ಘೋಷಣೆ ಹೊರಡಿಸಿ ಸ್ವಯಂಸೇವಕರನ್ನು ಕರೆದ. ಟಿಪ್ಪು ಬಯಸಿದ ಗುಟ್ಟು ಊರಿಗೆಲ್ಲ ಡಂಗುರವಾಯಿತು. ಏಪ್ರಿಲ್‌ನಲ್ಲಿ ಮಂಗಳೂರಿಗೆ ಬಂದಿಳಿದವರು ನೂರರ ಆಸುಪಾಸು.

ಕ್ಲಬ್ಬಿನ ನಡಾವಳಿ ರಿಪೋ ಬಂದದ್ದಕ್ಕೂ ದೂತರು ಹೊರಟದ್ದಕ್ಕೂ ನಡುವಿನ ಕಾಲಕ್ಕೆ ಸೇರಿದ್ದು. ದೊಂಪಾರ್ ಎಂಬ ಅಧಿಕಾರಿಯ ಕೈಕೆಳಗಿನ ಫ್ರೆಂಚ್ ತುಕಡಿಯವರು 1797ರ ಮೇ 5ರಂದು ಸಭೆ ಸೇರಿ ಸಂಘ ಕಟ್ಟಿದರು, ಗಣರಾಜ್ಯದ ಕಾನೂನಿಗೆ ತಕ್ಕಂತೆ ನಿಯಮಗಳನ್ನು ಮಾಡಿಕೊಂಡರು, ತಿಂಗಳ ಮಧ್ಯಭಾಗದಲ್ಲಿ ಪಟ್ಟಣದ ಕವಾಯತು ಮೈದಾನದಲ್ಲಿ ಧ್ವಜ ಏರಿಸಿದರು, ರಾಜತ್ವದ ಲಾಂಛನಗಳನ್ನು ಸುಟ್ಟರು, ಸ್ವಾತಂತ್ರ್ಯ ವೃಕ್ಷ ನೆಟ್ಟರು, ಟಿಪ್ಪು ಸಮಾರಂಭಕ್ಕೆ ಮನ್ನಣೆ ಕೊಟ್ಟು 2,300 ತೋಪುಗಳನ್ನೂ 500 ಬಾಣಗಳನ್ನೂ ಹಾರಿಸಿದ ಎಂದು ಅದು ವಿವರಿಸುತ್ತದೆ. ಜೊತೆಗೆ 59 ಜನರ ಪಟ್ಟಿಯಿದೆ. ಪಾಂಡವಪುರದ ಹಳೆಯ ಹೆಸರಿನಿಂದಾಗಿ ಈ ಸಂಘವನ್ನು ಅಲ್ಲಿನ ಬಂಡೆಗಳ ಬುಡದಲ್ಲಿ ಇಟ್ಟು ನೋಡುವ ಆಸೆ ಸಹಜ. ನಡಾವಳಿ ಮಾತ್ರ ಶ್ರೀರಂಗಪಟ್ಟಣದ ಹೆಸರನ್ನೇ ಹೇಳುತ್ತದೆ. ಕೆಲವು ಪರಿಚಯ ಬರಹಗಳು ಸಂಘ ಹುಟ್ಟಿದ ವರ್ಷವನ್ನು 1794 ಎನ್ನುತ್ತವೆ. ರಿಪೋ ಬಂದದ್ದೇ 1797ರಲ್ಲಿ, ಕಡತದ ತೇದಿಗಳೂ ಅದೇ ವರ್ಷದವು; ಆದ್ದರಿಂದ 1794ನ್ನು ಕೈಬಿಡಬೇಕು.

ಇಡೀ ಸಂಗತಿ ಕಂಪನಿಯ ಸೃಷ್ಟಿ ಎಂಬ ವಾದವನ್ನು ಫ್ರೆಂಚ್ ಇತಿಹಾಸಕಾರ ಝಾನ್ ಬೂತಿಯೇ 2005ರಲ್ಲಿ ಮಂಡಿಸಿದ. ಟಿಪ್ಪುವಿನ ಮೇಲಿನ ಯುದ್ಧವನ್ನು ಸಮರ್ಥಿಸಿಕೊಳ್ಳಲು ಕ್ಲಬ್ಬನ್ನೂ ಅದರಲ್ಲಿ ರಿಪೋನ ಪಾತ್ರವನ್ನೂ ಹೆಣೆಯಲಾಯಿತು ಎಂಬುದು ಅದರ ಸಾರ. ಈ ಅನುಮಾನಕ್ಕೆ ಗಟ್ಟಿಯಾದ ಕಾರಣಗಳಿವೆ. ಪತ್ರಗಳನ್ನು ಹುಡುಕಿದವರು, ವಿಂಗಡಿಸಿದವರು, ಪರ್ಷಿಯನ್ ಪತ್ರಗಳನ್ನು ಅನುವಾದಿಸಿದವರು, ಅಚ್ಚು ಹಾಕಿಸಿದವರು ಎಲ್ಲರೂ ಒಂದೇ ಕಡೆಯವರು. ಅನುವಾದಕ ಎಡ್ಮನ್‌ಸ್ಟನ್ ಸರ್ಕಾರದ ನೌಕರ. ಎದುರು ಪಕ್ಷದಲ್ಲಿ ಉತ್ತರ ಕೊಡಬಹುದಾಗಿದ್ದವನು ಸತ್ತಿದ್ದ. 1790ರ ದಶಕದ ಇಂಗ್ಲೆಂಡಿನಲ್ಲಿ ಫ್ರೆಂಚ್ ಕ್ರಾಂತಿಯ ಉಗ್ರಪಂಥೀಯರಾದ ಜಾಕೋಬಿನ್ನರ ಹೆಸರು ಕಿವಿಗೆ ಬಿದ್ದರೆ ಸಾಕು, ಆಸ್ತಿವಂತರು ಬೆಚ್ಚುತ್ತಿದ್ದರು. ಪ್ಯಾರಿಸ್ಸಿನಲ್ಲಿ ಆ ಹೆಸರಿನ ಕ್ಲಬ್ಬನ್ನು 1794ರ ನವೆಂಬರಿನಲ್ಲೇ ಮುಚ್ಚಿಸಿದ್ದರು. ಅಲ್ಲಿ ಸತ್ತ ಸಂಘ ಎರಡೂವರೆ ವರ್ಷದ ಮೇಲೆ ಕಾವೇರಿಯ ದ್ವೀಪದಲ್ಲಿ ಎದ್ದು ಕುಳಿತಿತೆಂದರೆ ಹುಬ್ಬೇರಿಸುವುದು ನ್ಯಾಯವೇ. ಕಂಪನಿಯ ಅಧಿಕಾರಿಗಳು ಟಿಪ್ಪುವಿನ ಕಾಗದಗಳನ್ನು ತಮಗೆ ಬೇಕಾದಂತೆ ಆರಿಸಿ ಕೊಟ್ಟ ಬೇರೆ ಉದಾಹರಣೆಯೂ ಇದೆ: ವಿಲಿಯಂ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಪ್ರಕಟಿಸಿದ ಟಿಪ್ಪುವಿನ ಆಯ್ದ ಪತ್ರಗಳ ಸಂಪುಟದ ಆಯ್ಕೆಯೂ ಟಿಪ್ಪಣಿಗಳೂ ಸುಲ್ತಾನನನ್ನು ಕ್ರೂರಿಯೆಂದು ತೋರಿಸುವ ಉದ್ದೇಶವನ್ನು ಮುಚ್ಚಿಡುವುದಿಲ್ಲ.

ಆದರೆ ಉದ್ದೇಶವಿತ್ತೆಂದು ತೋರಿಸಿದ ಮಾತ್ರಕ್ಕೆ ಕೃತಕತೆ ಸಾಬೀತಾಗುವುದಿಲ್ಲ. ಮೊದಲು ಕಾಲಕ್ರಮ ನೋಡಬೇಕು. ಗವರ್ನರ್ ಜನರಲ್ ವೆಲ್ಲೆಸ್ಲಿ 1798ರ ಮೇ ತಿಂಗಳಲ್ಲಿ ಕಲ್ಕತ್ತೆಗೆ ಬಂದ. ಜೂನ್‌ನಲ್ಲಿ ಮಲಾರ್ತಿಕನ ಘೋಷಣೆ ಅವನ ಕೈಸೇರಿತು. ಯುದ್ಧದ ನಿರ್ಧಾರಕ್ಕೆ ಅವನು ಆಧಾರವಾಗಿ ಹಿಡಿದದ್ದು ಅದನ್ನು. ಜುಲೈನಲ್ಲಿ ನೆಪೋಲಿಯನ್ ಈಜಿಪ್ಟಿನಲ್ಲಿ ಇಳಿದ ಸುದ್ದಿ ಆಮೇಲೆ ಬಂದು ಆ ನಿರ್ಧಾರಕ್ಕೆ ಬಲ ಕೊಟ್ಟಿತು. ಕ್ಲಬ್ಬಿನ ಕಡತ ಸಿಕ್ಕಿದ್ದು ಯುದ್ಧ ಮುಗಿದ ಮೇಲೆ. ಹಾಗಾಗಿ ಅದು ಯುದ್ಧದ ಕಾರಣವಾಗಿರಲು ಸಾಧ್ಯವಿಲ್ಲ. ಗೆದ್ದ ಮೇಲೂ ಲಂಡನ್ನಿನ ನಿರ್ದೇಶಕರಿಗೆ, ಪಾರ್ಲಿಮೆಂಟಿಗೆ ಸಮರ್ಥನೆ ಕೊಡಬೇಕಿತ್ತಲ್ಲ ಎಂದು ಕೇಳಬಹುದು. ಬೇಕಿತ್ತು, ನಿಜ. ಆ ಕೆಲಸಕ್ಕೆ ಘೋಷಣೆಯೊಂದೇ ಸಾಕಾಗಿತ್ತು. ಅದು ಪೋರ್ಟ್ ಲೂಯಿಯಲ್ಲಿ ಫ್ರೆಂಚ್ ಗವರ್ನರನೇ ಎಲ್ಲರೆದುರು ಹೊರಡಿಸಿದ ಕಾಗದ, ಅದನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ. ಇಷ್ಟು ಗಟ್ಟಿ ಸಾಕ್ಷ್ಯ ಕೈಯಲ್ಲಿರುವಾಗ ಸಿಕ್ಕಿಬೀಳಬಹುದಾದ ಕಟ್ಟುಕಥೆಯ ಗೊಡವೆ ಏಕೆ ಎಂಬ ಪ್ರಶ್ನೆಗೆ ಕೃತಕತೆಯ ವಾದದಲ್ಲಿ ಒಪ್ಪುವಂಥ ಉತ್ತರ ಸಿಗುವುದಿಲ್ಲ.

ಎರಡನೆಯದು ಸಂಪುಟದ ಒಳಗೇ ಇರುವ ಸಾಕ್ಷ್ಯ. ಕಂಪನಿಗೆ ಬೇಕಾಗಿದ್ದ ಚಿತ್ರ ಏನು? ಬಲಿಷ್ಠ ಫ್ರಾನ್ಸ್, ಅದರ ಕೈಗೊಂಬೆಯಾದ ಸುಲ್ತಾನ, ಇಬ್ಬರೂ ಸೇರಿ ಹೂಡಿದ ಭಯಂಕರ ಸಂಚು. ಅಚ್ಚಾದ ಕಾಗದಗಳು ಈ ಚಿತ್ರವನ್ನು ಹಲವು ಕಡೆ ಹರಿದುಹಾಕುತ್ತವೆ. ರಿಪೋ ಸುಳ್ಳನೆಂದು ಮಂತ್ರಿಗಳು ಹೇಳಿದ ಮಾತು ಅವುಗಳಲ್ಲಿದೆ, ದೂತರೊಡನೆ ಅವನಾಡಿದ ಜಗಳವಿದೆ, ಮಾರಿಷಸ್ಸಿನ ಬರಿಗೈ ಉತ್ತರವಿದೆ. ಸಂಚಿನ ಪುರಾವೆಯನ್ನು ತಾವೇ ತಯಾರಿಸುವವರು ಸಂಚುಗಾರನೊಬ್ಬ ಠಕ್ಕ ಎಂಬ ಪುರಾವೆಯನ್ನೂ ಪಕ್ಕದಲ್ಲಿ ಇಡುವುದು ಅಪರೂಪ. ಕಂಪನಿಗೆ ಸಾಮರ್ಥ್ಯಕ್ಕಿಂತ ಹಗೆತನದ ಉದ್ದೇಶವನ್ನು ತೋರಿಸುವುದು ಮುಖ್ಯವಾಗಿತ್ತು, ಅದಕ್ಕೆ ಈ ಕಾಗದಗಳು ಅಡ್ಡಿಯಾಗಲಿಲ್ಲ ಎಂದು ಇದಕ್ಕೆ ಆಕ್ಷೇಪ ಎತ್ತಬಹುದು. ಆಕ್ಷೇಪ ಬಲವಾದದ್ದೇ. ಆದರೆ ಅದು ಸಾಧಿಸುವುದು ಇಷ್ಟನ್ನು: ಇದ್ದ ಕಾಗದಗಳನ್ನು ಕಂಪನಿ ತನಗೆ ಅನುಕೂಲವಾಗುವಂತೆ ಜೋಡಿಸಿತು. ಇಲ್ಲದ್ದನ್ನು ಸೃಷ್ಟಿಸಿತೆನ್ನಲು ಇನ್ನೂ ಸಾಕ್ಷ್ಯ ಬೇಕು.

ನಡಾವಳಿಯ ಒಳಗಿನ ಒಂದು ವಿಚಿತ್ರ ಅಂಶವೂ ಇದನ್ನೇ ಬೆಂಬಲಿಸುತ್ತದೆ. ಸದಸ್ಯರು ಕೈಗೊಂಡ ಪ್ರತಿಜ್ಞೆಯ ಪ್ರಕಾರ ಲೋಕದ ರಾಜರೆಲ್ಲ ದ್ವೇಷಕ್ಕೆ ಅರ್ಹರು, ಟಿಪ್ಪು ಸುಲ್ತಾನನೊಬ್ಬನನ್ನು ಬಿಟ್ಟು. ಸಿದ್ಧಾಂತದ ದೃಷ್ಟಿಯಿಂದ ಇದು ನಗೆಪಾಟಲು. ಓದಿದ ಇಂಗ್ಲಿಷರು ನಕ್ಕದ್ದೂ ಉಂಟು. ಸಂಬಳದ ಸಿಪಾಯಿಯ ದೃಷ್ಟಿಯಿಂದ ನೋಡಿದರೆ ಇದರಷ್ಟು ಸಹಜವಾದ ಮಾತು ಇನ್ನೊಂದಿಲ್ಲ: ಅನ್ನ ಹಾಕುವ ದೊರೆಯನ್ನು ಹೊರಗಿಟ್ಟು ಮಿಕ್ಕ ದೊರೆಗಳನ್ನೆಲ್ಲ ದ್ವೇಷಿಸುವ ಕ್ರಾಂತಿ. ಕಲ್ಕತ್ತೆಯ ಕಚೇರಿಯಲ್ಲಿ ಕುಳಿತು ಜಾಕೋಬಿನ್ನರ ಭೂತವನ್ನು ಚಿತ್ರಿಸುತ್ತಿದ್ದ ಗುಮಾಸ್ತನಿಗೆ ಈ ವಿನಾಯಿತಿ ಹೊಳೆಯುತ್ತಿತ್ತೆ? ಹೊಳೆದರೂ ಬರೆಯುತ್ತಿದ್ದನೆ? ರಾಜರ ಕತ್ತು ಕೊಯ್ಯುವವರೆಂದು ಹೆದರಿಸುವುದು ಗುರಿಯಾಗಿದ್ದರೆ ಈ ವಾಕ್ಯ ಗುರಿಯನ್ನೇ ಕೆಡಿಸುತ್ತದೆ. ಪ್ಯಾರಿಸ್ಸಿನ ಕ್ಲಬ್ ಮುಚ್ಚಿದ್ದೂ ಇಲ್ಲಿ ಅಷ್ಟು ದೊಡ್ಡ ತೊಡಕಲ್ಲ. ಸುದ್ದಿ ತಿಂಗಳುಗಟ್ಟಲೆ ಹಡಗಿನಲ್ಲಿ ಸಾಗುತ್ತಿದ್ದ ಕಾಲವದು. ದಶಕದ ಮೊದಲ ವರ್ಷಗಳ ಗಣರಾಜ್ಯದ ಆಚರಣೆಗಳು ದೂರದ ದಂಡಿನ ಮನೆಗಳಲ್ಲಿ ತಡವಾಗಿ ನಡೆದರೆ ಆಶ್ಚರ್ಯವಿಲ್ಲ.

ಹಾಗೆಂದು ಬರೆದದ್ದನ್ನೆಲ್ಲ ನಂಬಬೇಕಾಗಿಲ್ಲ. 2,300 ತೋಪುಗಳ ಸಂಖ್ಯೆಯನ್ನೇ ತೆಗೆದುಕೊಳ್ಳಿ. ಕೋಟೆ ಬಿದ್ದಾಗ ಗೆದ್ದವರು ಎಣಿಸಿದ ಫಿರಂಗಿಗಳು ಒಟ್ಟು 929. ತುಕ್ಕು ಹಿಡಿದವು, ಗಾಡಿಯಿಲ್ಲದವು, ಗಿಡ್ಡ ನಳಿಗೆಯ ಮಾರ್ಟರುಗಳು ಎಲ್ಲ ಸೇರಿ. ಆದ್ದರಿಂದ 2,300 ಎಂಬುದು ಹಾರಿಸಿದ ಗುಂಡುಗಳ ಲೆಕ್ಕವಿರಬಹುದೇ ಹೊರತು ಫಿರಂಗಿಗಳ ಲೆಕ್ಕವಲ್ಲ. ಗುಂಡುಗಳೆಂದೇ ಇಟ್ಟುಕೊಂಡರೂ, ಐದು ವರ್ಷದ ಹಿಂದೆ 3 ಕೋಟಿ 30 ಲಕ್ಷ ದಂಡ ತೆರಲು ಒಪ್ಪಿದ್ದ ಸರ್ಕಾರ ಐವತ್ತೊಂಬತ್ತು ಪರದೇಶಿ ಸಿಪಾಯಿಗಳ ಹಬ್ಬಕ್ಕೆ ಅಷ್ಟು ಮದ್ದು ಸುಟ್ಟಿತೆನ್ನುವುದು ಉತ್ಪ್ರೇಕ್ಷೆಯ ವಾಸನೆ ಹೊಡೆಯುತ್ತದೆ. ಈ ಉತ್ಪ್ರೇಕ್ಷೆಗೆ ಕಂಪನಿಯನ್ನೇ ಹೊಣೆ ಮಾಡಬೇಕಾಗಿಲ್ಲ. ನಡಾವಳಿ ಬರೆದುಕೊಂಡವರಿಗೇ ಅದನ್ನು ಮುಂದೊಂದು ದಿನ ಫ್ರೆಂಚ್ ಅಧಿಕಾರಿಗಳಿಗೆ ತೋರಿಸುವ ಆಸೆಯಿದ್ದಿರಬಹುದು. ಹತ್ತು ಸಾವಿರ ಸೈನಿಕರನ್ನು ಬಾಯಲ್ಲೇ ಹುಟ್ಟಿಸಿದ ರಿಪೋ ಹತ್ತಿರವಿದ್ದಾಗ ಎರಡು ಸಾವಿರ ಗುಂಡು ದೊಡ್ಡ ಮಾತಲ್ಲ.

ಕಡತದ ಅತ್ಯಂತ ದುರ್ಬಲ ಭಾಗ ಅದರಿಂದ ಹೊರಟ ಅತ್ಯಂತ ಪ್ರಸಿದ್ಧ ಮಾತೇ ಆಗಿದೆ: ಟಿಪ್ಪು ತಾನೇ ಗಣರಾಜ್ಯವಾದಿಯಾದ, ಪ್ರಜೆ ಎಂಬ ಬಿರುದನ್ನು ಸ್ವೀಕರಿಸಿದ ಎಂಬುದು. ಆ ಸಂಬೋಧನೆ ಫ್ರೆಂಚರ ಬಾಯಿಯದು; ಆಗ ಅವರು ಎಲ್ಲರನ್ನೂ ಹಾಗೆ ಕರೆಯುತ್ತಿದ್ದರು. ಟಿಪ್ಪುವಿನ ಕಡೆಯ ಸಾಕ್ಷ್ಯ ಬೇರೆಯೇ ದಿಕ್ಕಿನದು. ಅವನು ಬಾದಶಾಹನೆನಿಸಿಕೊಂಡವನು, ತನ್ನ ಆಳ್ವಿಕೆಯನ್ನು ದೇವರು ಕೊಟ್ಟ ಸರ್ಕಾರವೆಂಬ ಅರ್ಥದಲ್ಲಿ ‘ಖುದಾದಾದ್ ಸರ್ಕಾರ’ ಎಂದು ಕರೆದವನು, ಮೌಲೂದಿ ಎಂಬ ಹೊಸ ಪಂಚಾಂಗ ಮಾಡಿಸಿ ತಿಂಗಳುಗಳಿಗೂ ವರ್ಷಗಳಿಗೂ ಹೊಸ ಹೆಸರಿಟ್ಟವನು, ಸಿಂಹಾಸನದಿಂದ ಸಿಪಾಯಿಯ ಅಂಗಿಯವರೆಗೆ ಹುಲಿಯ ಪಟ್ಟೆ ಹಾಕಿಸಿದವನು. ಇದೇ ವರ್ಷಗಳಲ್ಲಿ ಅವನು ಕಾಬೂಲಿನ ಜಮಾನ್ ಷಾನಿಗೂ ಆಟೋಮನ್ ಸುಲ್ತಾನನಿಗೂ ಪತ್ರ ಬರೆಯುತ್ತಿದ್ದ. ಇವರಲ್ಲಿ ಯಾರ ತತ್ತ್ವವನ್ನೂ ಅವನು ತನ್ನದಾಗಿಸಿಕೊಳ್ಳಲಿಲ್ಲ. ಅವನಿಗೆ ಬೇಕಾಗಿದ್ದದ್ದು ಸೈನ್ಯ. ಫ್ರೆಂಚರ ಮುಂದೆ ಅವನಿಟ್ಟ ಪ್ರಸ್ತಾಪದಲ್ಲೂ ಎಷ್ಟು ಸೈನಿಕರು, ಗೆದ್ದ ನೆಲದ ಪಾಲು ಹೇಗೆ ಎಂಬ ವ್ಯವಹಾರವೇ ಮುಂದಿದೆ.

ಅವನ ಸ್ವಂತ ಕೈಬರಹದ ಕನಸಿನ ಪುಸ್ತಕ ಇಲ್ಲಿ ಒಳ್ಳೆಯ ಸಾಕ್ಷಿ. ಅದೂ 1799ರಲ್ಲಿ ಅರಮನೆಯಲ್ಲೇ ಕರ್ಕ್‌ಪ್ಯಾಟ್ರಿಕ್ಕನಿಗೆ ಸಿಕ್ಕಿದ್ದು. ಮರುವರ್ಷ ಲಂಡನ್ನಿಗೆ ಹೋಯಿತು. ಫ್ರೆಂಚ್ ಗಣ್ಯನೊಬ್ಬ ಬಂದು, ಹತ್ತು ಸಾವಿರ ಜನರನ್ನು ಖುದಾದಾದ್ ಸರ್ಕಾರದ ಸೇವೆಗೆಂದು ದಡಕ್ಕೆ ಇಳಿಸಿದ್ದೇನೆ ಎಂದು ತಿಳಿಸುವ ಕನಸೊಂದು ಅದರಲ್ಲಿದೆ. ರಿಪೋ ಹೇಳಿದ ಸಂಖ್ಯೆಯೂ ಅಷ್ಟೇ. ಕನಸಿನಲ್ಲಿ ಕೂಡ ಆ ಸೈನ್ಯ ಬರುವುದು ಸುಲ್ತಾನನ ಸೇವೆಗೆ. ಸಮಾನತೆ, ಗಣರಾಜ್ಯಗಳ ಸುಳಿವು ಅಲ್ಲಿಲ್ಲ. ಈ ಪುಸ್ತಕವನ್ನು ಕಂಪನಿ ಪ್ರಚಾರಕ್ಕೆಂದು ಅಚ್ಚು ಹಾಕಿಸಲಿಲ್ಲ, ಹಾಗಾಗಿ ಅದರ ಮೇಲೆ ಅನುಮಾನಕ್ಕೆ ಎಡೆ ಕಡಿಮೆ.

ಇಂಥ ಹಕ್ಕುದಾವೆಗಳನ್ನು ಅಳೆಯುವ ಬಗೆಗೆ ಉತ್ತರ ಧ್ರುವದ ವಿವಾದ ಒಂದು ದಾರಿ ತೋರಿಸುತ್ತದೆ. 1908ರ ಏಪ್ರಿಲ್‌ನಲ್ಲಿ ಧ್ರುವ ಮುಟ್ಟಿದೆನೆಂದು ಫ್ರೆಡರಿಕ್ ಕುಕ್ ಹೇಳಿದ, 1909ರ ಏಪ್ರಿಲ್‌ನಲ್ಲಿ ತಾನು ಮುಟ್ಟಿದೆನೆಂದು ರಾಬರ್ಟ್ ಪಿಯರಿ. ಇಬ್ಬರಿಗೂ ತಮ್ಮ ಟಿಪ್ಪಣಿಗಳೇ ಮುಖ್ಯ ಆಧಾರ. ಕುಕ್ ಕೊಟ್ಟ ಕಾಗದಗಳಿಂದ ಧ್ರುವ ತಲುಪಿದ್ದು ಸಿದ್ಧವಾಗುವುದಿಲ್ಲವೆಂದು ಕೋಪನ್‌ಹೇಗನ್ ವಿಶ್ವವಿದ್ಯಾಲಯ 1909ರ ಡಿಸೆಂಬರಿನಲ್ಲಿ ಹೇಳಿತು. ಆತ ಹಿಮದ ಮೇಲೆ ಪಯಣಿಸಿದ್ದನ್ನು ಅದರಿಂದ ಯಾರೂ ಅಲ್ಲಗಳೆಯಲಿಲ್ಲ. ಎಲ್ಲಿಯವರೆಗೆ ಹೋದ ಎಂಬುದಷ್ಟೇ ಪ್ರಶ್ನೆ. 1917ರಲ್ಲಿ ಥಾಮಸ್ ಹಾಲ್ ಬರೆದ, ಈಗ ಅಪರೂಪವಾದ ಪುಸ್ತಕ ಪಿಯರಿಯ ಲೆಕ್ಕಗಳನ್ನೂ ದಿನದಿನದ ದೂರ ಹಿಡಿದು ತಪಾಸಿಸಿತು. ಶ್ರೀರಂಗಪಟ್ಟಣದ ಕಡತಕ್ಕೂ ಈ ವಿಧಾನವೇ ತಕ್ಕದ್ದು: ಎಲ್ಲಿಯವರೆಗೆ ನಂಬಬಹುದು ಎಂದು ಕೇಳಬೇಕು. ರಿಪೋ ಬಂದದ್ದು, ದೂತರು ಹೋದದ್ದು, ಮಾರಿಷಸ್ ಬರಿಗೈ ತೋರಿಸಿದ್ದು ಇವುಗಳಿಗೆ ಕಡತದ ಹೊರಗೂ ಸಾಕ್ಷ್ಯವಿದೆ. ಸಿಪಾಯಿಗಳು ಸೇರಿ ಧ್ವಜ ಏರಿಸಿ ಗಿಡ ನೆಟ್ಟದ್ದಕ್ಕೆ ಹೊರಗಿನ ಸಾಕ್ಷ್ಯವಿಲ್ಲದಿದ್ದರೂ ಒಳಗಿನ ಹೊಂದಿಕೆ ಅದರ ಪರವಾಗಿದೆ. ಟಿಪ್ಪು ಜಾಕೋಬಿನ್ ಆದನೆಂಬುದನ್ನು ಅವನ ಆಳ್ವಿಕೆಯ ಪ್ರತಿಯೊಂದು ಗುರುತೂ ನಿರಾಕರಿಸುತ್ತದೆ.

ಬೂತಿಯೇಯ ವಾದದಲ್ಲಿ ಉಳಿಸಿಕೊಳ್ಳಬೇಕಾದದ್ದು ಇಲ್ಲೇ ಇದೆ. ಕಂಪನಿಯ ಕೈವಾಡ ಕಾಣುವುದು ಘಟನೆಗಿಂತ ಅದರ ಗಾತ್ರದಲ್ಲಿ. ಐವತ್ತೊಂಬತ್ತು ಜನ ಬಾಡಿಗೆ ಸಿಪಾಯಿಗಳು ನಡೆಸಿದ, ಅಷ್ಟೇನೂ ಲೆಕ್ಕಕ್ಕಿಲ್ಲದ ಒಂದು ಸಮಾರಂಭ, ಇಂಗ್ಲಿಷ್ ತಲೆಬರಹದಲ್ಲಿ ಜಾಕೋಬಿನ್ ಕ್ಲಬ್ ಎನ್ನಿಸಿಕೊಂಡು ಒಂದು ರಾಜ್ಯದ ನೀತಿಯ ಪುರಾವೆಯಾಯಿತು. ಟಿಪ್ಪುವಿಗೂ ಕಂಪನಿಗೂ ಒಂದು ವಿಷಯದಲ್ಲಿ ಮಾತ್ರ ವಿಚಿತ್ರವಾದ ಒಮ್ಮತವಿತ್ತು: ರಿಪೋ ಫ್ರಾನ್ಸಿನ ಪರವಾಗಿ ಮಾತಾಡುತ್ತಿದ್ದಾನೆಂದು ಇಬ್ಬರೂ ನಡೆದುಕೊಂಡರು, ಒಬ್ಬ ಆಸೆಯಿಂದ, ಇನ್ನೊಬ್ಬ ಅನುಕೂಲಕ್ಕೆ. ಫ್ರಾನ್ಸ್ ಮಾತ್ರ ಹಾಗೆ ಭಾವಿಸಲೇ ಇಲ್ಲ. ಮುಂದಿನ ದಿನಗಳಲ್ಲಿ ‘ಪ್ರಜೆ ಟಿಪ್ಪು’ವಿನ ಚಿತ್ರಕ್ಕೆ ಹೊಸ ಗಿರಾಕಿಗಳು ಬಂದರು. ಕಂಪನಿ ಬೈಗುಳವಾಗಿ ಬಳಸಿದ್ದನ್ನೇ ಇಪ್ಪತ್ತನೆಯ ಶತಮಾನದ ಅಭಿಮಾನಿಗಳು ಹೊಗಳಿಕೆಯಾಗಿ ಎತ್ತಿಕೊಂಡು, ಫ್ರೆಂಚ್ ಕ್ರಾಂತಿಯ ಗಾಳಿ ಸೋಕಿದ ಮೊದಲ ಭಾರತೀಯ ದೊರೆ ಎಂದರು. ಬೈದವರೂ ಹೊಗಳಿದವರೂ ನೆಚ್ಚಿಕೊಂಡದ್ದು ಅದೇ ಮುದ್ರಿತ ಹಾಳೆಗಳನ್ನು, ಅದರಲ್ಲೂ ಅತ್ಯಂತ ದುರ್ಬಲವಾದ ಭಾಗವನ್ನು.

ಸೈನ್ಯಕ್ಕಾಗಿ ಟಿಪ್ಪುವಿನ ಪ್ರಯತ್ನ ಮಾರಿಷಸ್ಸಿನ ಬರಿಗೈ ಉತ್ತರದಿಂದ ನಿಲ್ಲಲಿಲ್ಲ. ಅಲ್ಲಿಂದ ಬಂದವರ ಪೈಕಿ ಶಾಪುಯಿ ಎಂಬ ಅಧಿಕಾರಿ ಶ್ರೀರಂಗಪಟ್ಟಣದಲ್ಲೇ ಉಳಿದ. ದ್ಯುಬ್ಯುಕ್ ಎಂಬ ನೌಕಾಧಿಕಾರಿಯನ್ನು ಟಿಪ್ಪು ಮತ್ತೊಮ್ಮೆ ಸೈನ್ಯ ಕೇಳಲು ಪ್ಯಾರಿಸ್ಸಿಗೆ ಹೊರಡಿಸಿದ. ಡೇನರ ವಸಾಹತಾಗಿದ್ದ ತರಂಗಂಬಾಡಿಯಿಂದ ಅವನು ಹಡಗು ಹತ್ತಿದ್ದು 1799ರ ಫೆಬ್ರವರಿಯಲ್ಲಿ; ಅದೇ ತಿಂಗಳು ಕಂಪನಿಯ ಜನರಲ್ ಹ್ಯಾರಿಸನ ಸೈನ್ಯ ವೆಲ್ಲೂರಿನಿಂದ ಮೈಸೂರು ಸೀಮೆಯತ್ತ ಹೊರಟಿತ್ತು. ಜನವರಿಯಲ್ಲಿ ನೆಪೋಲಿಯನ್ ಕೈರೋದಿಂದ ಟಿಪ್ಪುವಿಗೆ ಬರೆದ ಪತ್ರ ದಾರಿಯಲ್ಲೇ ಇಂಗ್ಲಿಷರ ಕೈಗೆ ಸಿಕ್ಕಿತು, ಶ್ರೀರಂಗಪಟ್ಟಣವನ್ನು ತಲುಪಲಿಲ್ಲ.